ಭಟ್ಟಿ ಕಡಿತ

ಗಡ್ಡೆಗೆ ಕಾಲಿದೆಯೋ ಇಲ್ಲವೋ ಎಂದು ಹೇಳುವ ಯಂತ್ರ ದಾವಣಗೆರೆಗೆ ಬಂದ ಹೊಸದರಲ್ಲಿ ಯಾರೂ ಅದನ್ನು ನಂಬಲಿಲ್ಲ. ಆಮೇಲೆ ನಂಬಿದರು ನೋಡಿ, ಎಷ್ಟು ನಂಬಿದರು ಅಂತೀರಿ! ಹೆಣ್ಣು ನೋಡಲು ಬಂದವರು ಚಹಾ ಬರುವ ಮೊದಲೇ "ನಿಮ್ಮ ಮನ್ಯಾಗ ಯಾರಿಗಾದ್ರೂ ಕತ್ರಿ ನಂಬರ್ ಬಂದೈತೇನು?" ಎಂದು ಕೇಳುವಷ್ಟು ನಂಬಿದರು. ಮಾರ್ಕೆಟ್ಟಿನಲ್ಲಿ ಸಿಕ್ಕವರು ಮಳೆ ಬೆಳೆ ಬಿಟ್ಟು ಒಬ್ಬರ ಮಾವನ ನಂಬರನ್ನು ಇನ್ನೊಬ್ಬರು ವಿಚಾರಿಸಿದರು. ನಂಬರು ಕಡಿಮೆ ಬಂದವರು ಸಕ್ಕರೆ ಹಂಚಿದರು. ಹೆಚ್ಚು ಬಂದವರ ಮನೆಗೆ ಜನ ಮುಖ ಸಪ್ಪೆ ಮಾಡಿಕೊಂಡು ಹೋಗಿ, ಬದುಕಿರುವಾಗಲೇ ಅತ್ತು ಬಂದರು.

ಯಂತ್ರ ಮಾಡುವುದಾದರೂ ಏನು? ಶ್ವಾಸಕೋಶದಲ್ಲಿ ಕ್ಯಾನ್ಸರಿನ ಗಡ್ಡೆ ಹುಟ್ಟುವುದು ಒಂದು ಕೇಡು, ಅದು ಹುಟ್ಟಿದ ಜಾಗ ಬಿಟ್ಟು ಹೊರಡುವುದು ಇನ್ನೊಂದು ಕೇಡು. ಕೂತಲ್ಲೇ ಕೂತ ಗಡ್ಡೆಯನ್ನು ಕೊಯ್ದು ತೆಗೆಯಬಹುದು. ಹೊರಟ ಗಡ್ಡೆ ಮೂಳೆಗೆ, ಮೆದುಳಿಗೆ, ಯಕೃತ್ತಿಗೆ ಹೋಗಿ ಬೇರು ಬಿಟ್ಟರೆ ಯಾವ ಚಾಕು ಎಲ್ಲೆಲ್ಲಿ ಅಂತ ಹುಡುಕೀತು? ಹೊರಡಬೇಕಾದರೆ ಅದು ಗೋಡೆ ದಾಟಬೇಕು. ಮೈಯೊಳಗಿನ ಗೋಡೆಗಳು ಪ್ರೋಟೀನಿನ ಎಳೆಗಳಿಂದ ನೇಯ್ದ ತೆಳ್ಳನೆಯ ಪೊರೆಗಳು. ಆ ಎಳೆಗಳನ್ನು ಕತ್ತರಿಸುವ ಕಿಣ್ವಗಳಿಗೆ ಪ್ರೋಟಿಯೇಸ್ ಅನ್ನುತ್ತಾರೆ. ಅವೇನು ಹುಟ್ಟಾ ಕೆಟ್ಟವಲ್ಲ. ಗಾಯ ಮಾಯಬೇಕಾದರೆ ಸತ್ತ ಎಳೆಗಳನ್ನು ಕತ್ತರಿಸಿ ಎಸೆಯುವವು ಅವೇ. ಆದರೆ ಕ್ಯಾನ್ಸರ್ ಕೋಶ ಅವನ್ನು ರಾಶಿರಾಶಿಯಾಗಿ ಹೊರಹಾಕಿ ಗೋಡೆಗೆ ಕನ್ನ ಕೊರೆಯುತ್ತದೆ. ಕತ್ತರಿ ಹೆಚ್ಚಾದಷ್ಟೂ ಓಟ ಹೆಚ್ಚು, ಆಯುಷ್ಯ ಕಡಿಮೆ.

ರೋಗಿ ಹತ್ತು ನಿಮಿಷ ಒಂದು ಔಷಧದ ಹಬೆ ಎಳೆದುಕೊಳ್ಳಬೇಕು. ಹಬೆಯಲ್ಲಿ ಕಣ್ಣಿಗೆ ಕಾಣದ ಕಣಗಳು, ಕಣಕ್ಕೊಂದು ಎಳೆ. ಶ್ವಾಸಕೋಶದಲ್ಲಿ ಕತ್ತರಿ ಇದ್ದರೆ ಎಳೆ ತುಂಡಾಗುತ್ತದೆ, ತುಂಡು ರಕ್ತಕ್ಕೆ ಸೇರಿ ಮೂತ್ರದಲ್ಲಿ ಇಳಿಯುತ್ತದೆ. ಒಂದು ತಾಸಿನ ಮೇಲೆ ಮೂತ್ರ ಹಿಡಿದು ಕೊಟ್ಟರೆ ಯಂತ್ರ ತುಂಡುಗಳನ್ನು ಎಣಿಸಿ ನೂರರೊಳಗೆ ಒಂದು ಅಂಕ ಕೊಡುತ್ತದೆ. ಜನರ ಬಾಯಲ್ಲಿ ಅದು ಕತ್ರಿ ನಂಬರ್. ಮೂವತ್ತೈದರ ಕೆಳಗಿದ್ದರೆ ಗಡ್ಡೆ ಕೂತಿದೆ, ಅವಸರವಿಲ್ಲ, ಆರು ತಿಂಗಳು ಬಿಟ್ಟು ನೋಡೋಣ. ಮೂವತ್ತೈದರಿಂದ ಎಪ್ಪತ್ತು, ಇದೇ ವಾರ ಕೊಯ್ಯಬೇಕು. ಎಪ್ಪತ್ತು ದಾಟಿತೋ, ಗಡ್ಡೆ ಆಗಲೇ ಓಡಿಯಾಗಿದೆ, ಕೊಯ್ದು ಫಲವಿಲ್ಲ, ನೋವಿಗೆ ಮಾತ್ರೆ ಕೊಟ್ಟು ಮನೆಗೆ ಕಳಿಸು.

ಊರಿನ ದೊಡ್ಡ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಆ ಯಂತ್ರದ ಮುಂದೆ ಕೂರುವವಳು ನಸೀಮಾ. ನಲವತ್ತೊಂದು ವರ್ಷ, ಹಿರಿಯ ಟೆಕ್ನಿಷಿಯನ್, ಕೆಲಸದಲ್ಲಿ ಬಲು ಚೊಕ್ಕ. ಅವಳು ಆ ಕುರ್ಚಿಗೆ ಬಂದದ್ದು ಅತ್ತೆಯ ದೆಸೆಯಿಂದ. ಹೌದು, ಅತ್ತೆಯ ದೆಸೆಯಿಂದಲೇ, ನಗಬೇಡಿ. ಮದುವೆಯಾಗಿ ಮಂಡಕ್ಕಿ ಭಟ್ಟಿ ಕೇರಿಗೆ ಬಂದಾಗ ನಸೀಮಾ ಸೈನ್ಸ್ ಪಿಯುಸಿಯನ್ನು ಅರ್ಧಕ್ಕೆ ಬಿಟ್ಟ ಹುಡುಗಿ. ಗಂಡ ದಾದಾಪೀರನದು ಮಿರ್ಚಿ ಮಂಡಕ್ಕಿ ಅಂಗಡಿ. ಪೊಟ್ಟಣ ಕಟ್ಟು ಎಂದು ಹಳೇ ಪೇಪರು ಕೊಟ್ಟರೆ ಸೊಸೆ ಕಟ್ಟುವುದು ಬಿಟ್ಟು ಓದುತ್ತಾ ಕೂರುತ್ತಿದ್ದಳು. ಅತ್ತೆ ಮೌಲಾಬಿ ಒಂದು ತಿಂಗಳು ನೋಡಿದಳು, ಎರಡು ತಿಂಗಳು ನೋಡಿದಳು.

"ಕಟ್ಟೂದು ಒಂದು, ಓದೂದು ಹತ್ತು. ಹಿಂಗಾದ್ರ ನನ್ ಮಗನ ಅಂಗಡಿ ಉದ್ಧಾರ ಆದಂಗ! ನೀ ಕಾಲೇಜಿಗೇ ಹೋಗಿ ಸಾಯಿ ಅತ್ಲಾಗ," ಎಂದು ಬೈದು, ಮಾರನೇ ದಿನ ತಾನೇ ಸೊಸೆಯ ಕೈಹಿಡಿದು ಕಾಲೇಜಿನ ಬಾಗಿಲಿಗೆ ಬಿಟ್ಟು ಬಂದಳು. ಕೇರಿಯವರು ಬಾಯಿಗೆ ಬಂದಂತೆ ಆಡಿಕೊಂಡರು. ಮೌಲಾಬಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ದಿನಾ ಭಟ್ಟಿಯ ಮುಂದೆ ಕೂತು, ಕಾದ ಮರಳಿನಲ್ಲಿ ಅಕ್ಕಿ ಅರಳಿಸಿ ಮಂಡಕ್ಕಿ ಜರಡಿ ಹಿಡಿಯುವವಳು. ಭಟ್ಟಿಗೆ ಹೊಟ್ಟು, ಹಳೇ ಟೈರು, ಸಿಕ್ಕಿದ್ದೆಲ್ಲ ಉರಿ. ಆ ಕಪ್ಪು ಹೊಗೆ ಕುಡಿದು ಹಿಂದೆ ಮುಂದೆ ಸೇರಿ ಒಟ್ಟು ಇಪ್ಪತ್ತೆಂಟು ವರ್ಷ ದುಡಿದವಳಿಗೆ ಕೇರಿಯ ಮಾತು ಯಾವ ಲೆಕ್ಕ?

ನಸೀಮಾ ಆ ಉಪಕಾರ ಮರೆಯಲಿಲ್ಲ. ಮರೆಯದೆ ಇದ್ದದ್ದೇ ಮುಂದಿನ ಕಥೆಗೆಲ್ಲ ಮೂಲ.

ಯಂತ್ರ ಬಂದ ಮೊದಲ ವರ್ಷ ಭಟ್ಟಿ ಕೇರಿಯ ಚಮನ್‌ಸಾಬನಿಗೆ ಎಂಬತ್ತೆಂಟು ಬಂತು. ಕೊಯ್ಯಲಿಲ್ಲ, ಮನೆಗೆ ಕಳಿಸಿದರು. ಅವನ ಮಗ ಕಬರಸ್ತಾನಕ್ಕೆ ಹೋಗಿ ಜಾಗ ನೋಡಿ ಬಂದ. ನಾಲ್ಕು ತಿಂಗಳಾಯಿತು, ಎಂಟು ತಿಂಗಳಾಯಿತು. ಚಮನ್‌ಸಾಬ್ ಬೆಳಗಾದರೆ ಚಹಾದಂಗಡಿಯಲ್ಲಿ ಕೂತು ಸರ್ಕಾರವನ್ನು ಬೈಯುತ್ತಲೇ ಇದ್ದ. ಇದು ಹೇಗೆ ಎಂದು ನಸೀಮಾಳ ತಲೆ ಕೊರೆಯಿತು. ಗಡ್ಡೆಯೇ ಇಲ್ಲದ ಹದಿನೈದು ಮಂದಿ ಭಟ್ಟಿ ಕೆಲಸದವರನ್ನು ಕರೆತಂದು ಹಬೆ ಎಳೆಸಿದಳು. ಕ್ಯಾನ್ಸರ್ ಇಲ್ಲದವರಿಗೆ ಎರಡೋ ಮೂರೋ ಬರಬೇಕು. ಇವರಿಗೆ ಹತ್ತು ವರ್ಷ ದುಡಿದವನಿಗೆ ಹತ್ತು, ಮೂವತ್ತು ವರ್ಷ ದುಡಿದವಳಿಗೆ ಮೂವತ್ತು!

ಕಾರಣ ಹೊಗೆ. ಹೊಗೆ ತಿಂದ ಶ್ವಾಸಕೋಶ ಒಳಗೊಳಗೇ ಸದಾ ಉರಿಯುತ್ತಿರುತ್ತದೆ. ಆ ಉರಿಯೂತಕ್ಕೆ ಓಡಿಬಂದ ಬಿಳಿ ರಕ್ತಕಣಗಳು ತಮ್ಮದೇ ಪ್ರೋಟಿಯೇಸ್ ಸುರಿಯುತ್ತವೆ. ಯಂತ್ರಕ್ಕೆ ಕಳ್ಳನ ಕತ್ತರಿಯೂ ಒಂದೇ, ದರ್ಜಿಯ ಕತ್ತರಿಯೂ ಒಂದೇ. ಅದನ್ನು ದೂರದ ದೊಡ್ಡ ಊರುಗಳ ರೋಗಿಗಳ ಮೇಲೆ ಹದ ಮಾಡಿದ್ದರು, ಭಟ್ಟಿಯ ಹೊಗೆ ಅದಕ್ಕೇನು ಗೊತ್ತು?

ವಿಭಾಗದ ಮುಖ್ಯಸ್ಥ ಡಾಕ್ಟರ್ ತಿಪ್ಪೇಸ್ವಾಮಿಗೆ ನಸೀಮಾ ಲೆಕ್ಕ ತೋರಿಸಿದಳು. ಅವರು ಒಳ್ಳೆಯ ಮನುಷ್ಯ, ಕೇಳಿದರು, ಒಪ್ಪಿದರು, ಮೇಲಿನವರನ್ನು ಒಪ್ಪಿಸಿದರು. ಭಟ್ಟಿಯಲ್ಲಿ ದುಡಿದ ವರ್ಷಕ್ಕೊಂದು ಅಂಕದಂತೆ ಯಂತ್ರವೇ ಕಳೆದು ಕೊಡುವ ಹಾಗೆ ವ್ಯವಸ್ಥೆಯಾಯಿತು. ಅದಕ್ಕೆ ಭಟ್ಟಿ ಕಡಿತ ಎಂದು ಹೆಸರು ಬಿತ್ತು. ಮುಂದಿನ ವರ್ಷಗಳಲ್ಲಿ, ಸಾಯಲು ಮನೆಗೆ ಹೋಗಬೇಕಾಗಿದ್ದ ಮೂವತ್ತಕ್ಕೂ ಹೆಚ್ಚು ಜನ ಆಪರೇಷನ್ ಆಗಿ ನಡೆದುಕೊಂಡು ಮನೆಗೆ ಹೋದರು. ಬಕ್ರೀದಿಗೆ ನಸೀಮಾಳ ಮನೆಗೆ ಎಷ್ಟು ಮನೆಗಳಿಂದ ಮಾಂಸದ ಪಾಲು ಬರುತ್ತಿತ್ತೆಂದರೆ ಇಡಲು ಪಾತ್ರೆ ಸಾಲುತ್ತಿರಲಿಲ್ಲ.

"ಯಂತ್ರಕ್ಕ ಲೆಕ್ಕ ಕಲಿಸ್ಯಾಳ ನನ್ ಸೊಸಿ," ಎಂದು ಮೌಲಾಬಿ ನಲ್ಲಿಯ ಹತ್ತಿರ, ಮದುವೆಮನೆಯಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದಳು.

ಈಗೊಂದು ಮಾತು ಹೇಳಿಬಿಡುತ್ತೇನೆ, ಹೇಳದೆ ಹೋದರೆ ಆಮೇಲೆ ನೀವು ನನ್ನನ್ನೇ ಬೈಯುತ್ತೀರಿ. ಕಡಿತ ಜಾರಿಗೆ ಬಂದು ಎರಡು ವರ್ಷಕ್ಕೆ ಊರಿನ ಭಟ್ಟಿಗಳೆಲ್ಲ ಕರೆಂಟಿನವಾದವು. ಹೊಗೆಯ ಭಟ್ಟಿಗೆ ಬೀಗ, ಅದರ ಬದಲು ತಿರುಗುವ ಡ್ರಮ್ಮು. ಕೇರಿಯ ಆಕಾಶ ಮೊದಲ ಸಲ ನೀಲಿ ಕಂಡಿತು, ಒಗೆದು ಹಾಕಿದ ಬಟ್ಟೆ ಬಿಳಿಯಾಗಿಯೇ ಒಣಗಿತು. ಮೌಲಾಬಿ ಭಟ್ಟಿ ಬಿಟ್ಟು ಮಗನ ಅಂಗಡಿಗೆ ಮೆಣಸಿನಕಾಯಿ ಸೀಳಿಕೊಡುತ್ತಾ ಮನೆಯಲ್ಲೇ ಉಳಿದಳು. ಎಲ್ಲರೂ ಖುಷಿಪಟ್ಟರು. ಇದೆಲ್ಲ ಆಗಿ ಏಳು ವರ್ಷವಾಗಿತ್ತು.

ಏಳನೇ ವರ್ಷದ ಚಳಿಗಾಲದಲ್ಲಿ ಮೌಲಾಬಿಗೆ ಕೆಮ್ಮು ಹತ್ತಿತು. "ಮೆಣಸಿನಕಾಯಿ ಘಾಟು," ಅಂದಳು. ತಿಂಗಳಾದರೂ ಘಾಟು ಇಳಿಯಲಿಲ್ಲ. ನಸೀಮಾ ಬೈದು ಎಳೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದಳು. ಬಲ ಶ್ವಾಸಕೋಶದಲ್ಲಿ ಕಡಲೆಕಾಳಿನಷ್ಟು ಗಡ್ಡೆ. ಸೂಜಿ ಚುಚ್ಚಿ ನೋಡಿದರೆ ಕ್ಯಾನ್ಸರ್. ನಸೀಮಾ ಗಡಿಬಿಡಿಯಲ್ಲಿ ಅತ್ತೆಯನ್ನು ತನ್ನ ಲ್ಯಾಬಿಗೆ ಕರೆತಂದಳು.

ಮೌಲಾಬಿ ಮಾತ್ರ ಲ್ಯಾಬಿನಲ್ಲಿ ಸೊಸೆಯ ಕುರ್ಚಿ, ಸೊಸೆಯ ಹೆಸರಿನ ಫಲಕ, ಸೊಸೆಯನ್ನು 'ಮೇಡಂ' ಅನ್ನುವ ಹುಡುಗಿಯರನ್ನು ಕಣ್ತುಂಬ ನೋಡುತ್ತಾ ಕೂತಳು. ಹಬೆಯ ಕೊಳವೆಯನ್ನು ಬಾಯಿಗೆ ಕೊಟ್ಟಾಗ, "ಇಪ್ಪತ್ತೆಂಟು ವರ್ಷ ಹೊಗೀನ ಕುಡದೀನಿ, ಇದ್ಯಾವ ಮಹಾ," ಎಂದು ಗುಡುಗುಡಿ ಸೇದಿದಂತೆ ಎಳೆದಳು. ಹುಡುಗಿಯರು ನಕ್ಕರು.

ಒಂದೂವರೆ ತಾಸಿನ ಮೇಲೆ ಪರದೆಯ ಮೇಲೆ ಮೂರು ಸಾಲು ಮೂಡಿತು. ಮೂಲ ಅಂಕ ಅರವತ್ತೆರಡು. ಭಟ್ಟಿ ಕಡಿತ ಇಪ್ಪತ್ತೆಂಟು. ಅಂತಿಮ ಅಂಕ ಮೂವತ್ತನಾಲ್ಕು.

ನಸೀಮಾ ಮೂವತ್ತನಾಲ್ಕನ್ನು ನೋಡಿದಳು, ಆಮೇಲೆ ಅರವತ್ತೆರಡನ್ನು ನೋಡಿದಳು. ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಅದೇನೆಂದು ಅವಳು ನಿಂತು ಯೋಚಿಸಿದ್ದರೆ! ಯೋಚಿಸಲಿಲ್ಲ. ಓಡಿ ಡಾಕ್ಟರ ಹತ್ತಿರ ಹೋದಳು.

"ಸರ್, ಗೆರೆಗೆ ಒಂದೇ ಅಂಕ ಕಡಿಮೆ. ಕೊಯ್ದುಬಿಡೋಣವಾ?"

ತಿಪ್ಪೇಸ್ವಾಮಿ ಕನ್ನಡಕ ತೆಗೆದರು. "ಏನ್ರೀ ನಸೀಮಾ, ನೀವೇ ಹಿಂಗಂದ್ರೆ? ಅವರಿಗೆ ಅರವತ್ತಾರು ವರ್ಷ. ಮೊದಲೇ ಹೊಗೆ ತಿಂದ ಶ್ವಾಸಕೋಶ, ಅದರಲ್ಲೂ ಒಂದು ಭಾಗ ಕೊಯ್ದು ತೆಗೆದ್ರೆ ಮೆಟ್ಟಿಲು ಹತ್ತೋಕೂ ಉಸಿರು ಸಾಲಲ್ಲ. ನಿಮ್ಮದೇ ಕಡಿತ, ನಿಮಗೇ ನಂಬಿಕೆ ಇಲ್ವಾ? ಆರು ತಿಂಗಳು ನೋಡೋಣ."

ಅತ್ತೆಯನ್ನು ಚಾಕುವಿನ ಕೆಳಗೆ ಮಲಗಿಸುವುದು ನಸೀಮಾಳಿಗೂ ಬೇಡವಾಗಿತ್ತು. ನಿಜ ಹೇಳಬೇಕೆಂದರೆ, ಬೇಡ ಎಂದು ಡಾಕ್ಟರೇ ಹೇಳಿದ್ದು ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೊರಗೆ ಬಂದು, "ಮೂವತ್ನಾಕು ಅತ್ತಿ. ಚಿಂತಿ ಇಲ್ಲ," ಅಂದಳು. ಆ ಸಂಜೆ ದಾದಾಪೀರ ಅಂಗಡಿಗೆ ಬಂದವರಿಗೆಲ್ಲ ಒಂದೊಂದು ಮಿರ್ಚಿ ಪುಕ್ಕಟೆ ಕೊಟ್ಟ.

ಐದು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ನಮಾಜಿಗೆ ಬಗ್ಗಿದ ಮೌಲಾಬಿಗೆ ಏಳಲಾಗಲಿಲ್ಲ. ಸೊಂಟ ಹಿಡಿಯಿತೆಂದುಕೊಂಡರು, ಎಣ್ಣೆ ತಿಕ್ಕಿದರು. ಸ್ಕ್ಯಾನ್ ಬೇರೆಯೇ ಹೇಳಿತು. ಬೆನ್ನುಮೂಳೆಯಲ್ಲಿ ಮೂರು ಕಡೆ, ಯಕೃತ್ತಿನಲ್ಲಿ ಎರಡು ಕಡೆ. ಗಡ್ಡೆ ಓಡಿಯಾಗಿತ್ತು. ತಿಪ್ಪೇಸ್ವಾಮಿ ನಸೀಮಾಳ ಮುಖ ನೋಡದೆ, "ಮೂರು ತಿಂಗಳು. ಹೆಚ್ಚಂದ್ರೆ ನಾಲ್ಕು," ಅಂದರು.

ನಸೀಮಾ ಅವತ್ತು ಅಳಲಿಲ್ಲ. ಅಳುವುದಕ್ಕಿಂತ ಮೊದಲು ಅವಳಿಗೊಂದು ತಿಳಿಯಬೇಕಾಗಿತ್ತು. ಮೂವತ್ತನಾಲ್ಕರ ಗಡ್ಡೆ ಹೀಗೆ ಓಡುವುದಿಲ್ಲ. ಹತ್ತು ವರ್ಷದಲ್ಲಿ ಸಾವಿರ ಗಡ್ಡೆಗಳ ಓಟ ನೋಡಿದವಳು ಅವಳು.

ಭಾನುವಾರ ಕೇರಿಯ ಆರು ಮಂದಿ ಹೆಂಗಸರನ್ನು ಲ್ಯಾಬಿಗೆ ಕರೆದುಕೊಂಡು ಹೋದಳು. ಎಲ್ಲರೂ ಭಟ್ಟಿಯಲ್ಲಿ ಇಪ್ಪತ್ತು ಮೂವತ್ತು ವರ್ಷ ಸವೆದವರು, ಯಾರಿಗೂ ಗಡ್ಡೆಯಿಲ್ಲ. "ಸುಮ್ನ ಒಂದ್ ಚೆಕಪ್," ಅಂದಿದ್ದಳು. ಅವರು ಹಬೆ ಎಳೆದು, ಮೂತ್ರ ಹಿಡಿದುಕೊಟ್ಟು, ಬಾಳೆಹಣ್ಣು ತಿನ್ನುತ್ತಾ ಬೆಂಚಿನ ಮೇಲೆ ಹರಟೆ ಹೊಡೆದರು. ನಸೀಮಾ ಒಳಗೆ ಒಬ್ಬಳೇ ಪರದೆಯ ಮುಂದೆ ಕೂತಳು.

ಮೂಲ ಅಂಕ ಮೂರು. ಐದು. ಎರಡು. ನಾಲ್ಕು. ಆರು. ಮೂರು.

ಮೂವತ್ತು ಬರಬೇಕಾದಲ್ಲಿ ಮೂರು. ಹೊಗೆ ನಿಂತು ಏಳು ವರ್ಷವಾಗಿತ್ತಲ್ಲ, ಶ್ವಾಸಕೋಶದ ಉರಿ ಮೆಲ್ಲಮೆಲ್ಲಗೆ ಆರಿಹೋಗಿತ್ತು. ದರ್ಜಿಯ ಕತ್ತರಿಗಳು ಕೆಲಸ ಮುಗಿಸಿ ಹೋಗಿದ್ದವು. ಹೋಗದೆ ಉಳಿದದ್ದು ಒಂದೇ, ಅವಳು ಯಂತ್ರಕ್ಕೆ ಕಲಿಸಿದ ಲೆಕ್ಕ. ಫಾರಂನಲ್ಲಿ ಭಟ್ಟಿಯಲ್ಲಿ ಎಷ್ಟು ವರ್ಷ ದುಡಿದಿರಿ ಎಂಬ ಪ್ರಶ್ನೆ ಇತ್ತು. ಬಿಟ್ಟು ಎಷ್ಟು ವರ್ಷವಾಯಿತು ಎಂಬ ಪ್ರಶ್ನೆ ಇರಲಿಲ್ಲ. ಅವಳು ಫಾರಂ ಬರೆದಾಗ ಭಟ್ಟಿ ಬಿಟ್ಟವರೇ ಇರಲಿಲ್ಲ, ಬಿಟ್ಟವರೆಂದರೆ ಸತ್ತವರು. ಬಿಳಿ ಬಟ್ಟೆ ಒಣಹಾಕುವಾಗ ಅವಳೂ ನೀಲಿ ಆಕಾಶ ನೋಡಿದ್ದಳು. ನೋಡಿ ಸಂತೋಷಪಟ್ಟು ಒಳಗೆ ಹೋಗಿದ್ದಳು.

ಅತ್ತೆಯ ಅರವತ್ತೆರಡರಲ್ಲಿ ಅರವತ್ತೂ ಗಡ್ಡೆಯದೇ ಆಗಿತ್ತು. ಅದೇ ವಾರ ಕೊಯ್ಯಬೇಕಾದ ಗಡ್ಡೆ. ಸೊಸೆ ಇಪ್ಪತ್ತೆಂಟು ಕಳೆದು ಮನೆಗೆ ಕರೆತಂದಿದ್ದಳು.

ಯಾ ಅಲ್ಲಾ, ಎಂದು ನಸೀಮಾ ಪರದೆಗೆ ಹಣೆ ಹಚ್ಚಿ ಅತ್ತಳು. ಹೊರಗೆ ಬೆಂಚಿನ ಮೇಲೆ ಹೆಂಗಸರು ಯಾವುದೋ ಮಾತಿಗೆ ಗೊಳ್ಳೆಂದು ನಗುತ್ತಿದ್ದರು.

ಅತ್ತು ಮುಗಿದ ಮೇಲೆ ಹಳೆಯ ಪಟ್ಟಿ ತೆಗೆದಳು. ಕಳೆದ ವರ್ಷ ಭಟ್ಟಿ ಕಡಿತ ಹಾಕಿಸಿಕೊಂಡು 'ಆರು ತಿಂಗಳು ನೋಡೋಣ' ಅನ್ನಿಸಿಕೊಂಡವರು ಯಾರ್ಯಾರು? ಕಡಿತ ತೆಗೆದು ನೋಡಿದರೆ ಅತ್ತೆಯನ್ನು ಬಿಟ್ಟು ಇನ್ನೂ ಹತ್ತೊಂಬತ್ತು ಮಂದಿಯ ಅಂಕ ಮೂವತ್ತೈದು ದಾಟುತ್ತಿತ್ತು. ಹತ್ತೊಂಬತ್ತು ಮಂದಿ ನಿಶ್ಚಿಂತೆಯಾಗಿ ಮನೆಯಲ್ಲಿ ಕೂತಿದ್ದರು.

ಸೋಮವಾರ ತಿಪ್ಪೇಸ್ವಾಮಿ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದರು.

"ಇದರ ಮೇಲೆಲ್ಲ ನನ್ನ ಸಹಿ ಇದೆ ನಸೀಮಾ. ನಿಮ್ಮೊಬ್ಬರ ತಪ್ಪಲ್ಲ."

"ತಪ್ಪು ಯಾರ್ದಂತ ಆಮೇಲೆ ನೋಡೋಣ ಸರ್. ಇವರನ್ನ ಇವತ್ತೇ ಕರಿಸ್ಬೇಕು."

"ಹಂಗೆ ಕರಿಸೋಕೆ ಬರಲ್ಲ. ಕಮಿಟಿ ಮುಂದೆ ಇಡಬೇಕು, ಅವರು ಒಪ್ಪಿದ ಮೇಲೆ ಪತ್ರ ಹೋಗಬೇಕು. ಈಗ್ಲೇ ಬಾಯಿ ಬಿಟ್ರೆ ಊರೆಲ್ಲ ಗಲಾಟೆ ಆಗ್ತದೆ, ಟೆಸ್ಟನ್ನೇ ನಿಲ್ಲಿಸ್ತಾರೆ. ಆಗ ಇನ್ನೂ ಎಷ್ಟು ಜನಕ್ಕೆ ತೊಂದರೆ? ಇಪ್ಪತ್ತು ದಿನ ತಡೀರಿ."

ಡಾಕ್ಟರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಇಪ್ಪತ್ತು ದಿನದಲ್ಲಿ ಗಡ್ಡೆ ಎಷ್ಟು ಗೋಡೆ ದಾಟೀತು ಎಂಬುದು ಇಬ್ಬರಿಗೂ ಗೊತ್ತಿತ್ತು. ನಸೀಮಾ ತಲೆಯಾಡಿಸಿ ಹೊರಬಿದ್ದಳು.

ಅವತ್ತು ಮಧ್ಯಾಹ್ನ ಮೌಲಾಬಿ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದಳು. ನೋವಿನ ಮಾತ್ರೆ ಹಿಡಿದಿತ್ತು, ಮುಖ ಗೆಲುವಾಗಿತ್ತು.

"ಯಾಕ, ಇಷ್ಟ್ ಲಗೂ ಬಂದಿ? ಕೆಲ್ಸಾ ಬಿಡಿಸಿದ್ರೇನು?"

"ಅತ್ತಿ, ನಿಮಗೊಂದು ಮಾತು ಹೇಳ್ಬೇಕು." ನಸೀಮಾ ನೆಲದ ಮೇಲೆ ಕೂತಳು. ಕೂತು, ಒಂದನ್ನೂ ಮುಚ್ಚದೆ ಎಲ್ಲ ಹೇಳಿದಳು. ಹೊಗೆ, ಕತ್ತರಿ, ಕಡಿತ, ಭಾನುವಾರದ ಆರು ಹೆಂಗಸರು.

"ಅಂದ್ರ ನಂದು ಕೊಯ್ಯಬಹುದಿತ್ತು," ಅಂದಳು ಮೌಲಾಬಿ ಕೊನೆಗೆ.

"ಹೂಂ."

"ಅವಾಗ್ಲೇ."

"ಹೂಂ."

"ಕೊಯ್ದಿದ್ರ ಇರ್ತಿದ್ನೇನು?"

ನಸೀಮಾಳಿಗೆ ಸುಳ್ಳು ಹೇಳಬೇಕೆನ್ನಿಸಿತು. ಎಷ್ಟು ಸುಲಭವಾಗಿತ್ತು ಆ ಸುಳ್ಳು! "ಇರ್ತಿದ್ರಿ ಅತ್ತಿ. ಹತ್ತಕ್ಕ ಏಳು ಮಂದಿ ಇರ್ತಾರ."

ಮೌಲಾಬಿ ಮೆಲ್ಲಗೆ ಗೋಡೆಯ ಕಡೆ ಹೊರಳಿ ಮಲಗಿದಳು. ಸಂಜೆಯ ತನಕ ಈಚೆ ತಿರುಗಲಿಲ್ಲ. ಊಟ ಇಟ್ಟರೆ ಮುಟ್ಟಲಿಲ್ಲ. ಊರಿಗೆ ಉಪಕಾರಿ ಮನೆಗೆ ಮಾರಿ ಅಂತಾರಲ್ಲ, ಆ ಮಾತನ್ನು ನಸೀಮಾ ತನಗೆ ತಾನೇ ನೂರು ಸಲ ಹೇಳಿಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. ದಾದಾಪೀರ ಬಂದ, ವಿಷಯ ಕೇಳಿದ. ಹೆಂಡತಿಯನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ, ಅಂಗಿ ಕೂಡ ಬಿಚ್ಚದೆ ತಾಯಿಯ ಕಾಲ ಹತ್ತಿರ ಕೂತುಬಿಟ್ಟ.

ಸಂಜೆಯ ಮಗ್ರಿಬ್ ಆಜಾನ್ ಆದ ಮೇಲೆ ಗೋಡೆಯ ಕಡೆಯಿಂದಲೇ ಮೌಲಾಬಿಯ ದನಿ ಬಂತು.

"ಇನ್ನ ಯಾರ್ಯಾರ್ದು ಕಳದೀಯ?"

"ಹತ್ತೊಂಬತ್ತು ಮಂದೀದು ಅತ್ತಿ."

"ಹೆಸ್ರು ಹೇಳು."

ನಸೀಮಾ ಒಂದೊಂದಾಗಿ ಹೇಳಿದಳು. ಎಲ್ಲರೂ ಮೌಲಾಬಿಯ ಜೊತೆ ಜರಡಿ ಹಿಡಿದವರು, ಭತ್ತ ಬೇಯಿಸಿದವರು, ಮೂಟೆ ಹೊತ್ತವರು. "ಇಮಾಂಬಿ? ಕುಂಟಿ ಇಮಾಂಬೀನಾ? ಯಾ ಅಲ್ಲಾ, ಅಕೀಗೂ ಐತೇನು?" ಎಂದು ಕೇಳುತ್ತಾ ಕೇಳುತ್ತಾ ಅವಳು ಈಚೆ ಹೊರಳಿದಳು. "ಅವ್ರಿಗೆ ಯಾವಾಗ ಹೇಳ್ತೀರಿ?"

"ಇಪ್ಪತ್ತು ದಿನ ಆಗ್ತೈತಂತ. ಪತ್ರ ಬರೀತಾರಂತ."

"ಪತ್ರ!" ಮೌಲಾಬಿಗೆ ರೇಗಿತು. "ಅವ್ರಾಗ ಓದಾಕ ಬರಾದು ಯಾರಿಗೈತಿ? ನಾಳಿಗೆ ಆಟೋ ಕರಿ. ನಾನೂ ಬರ್ತೀನಿ."

"ಅತ್ತಿ, ನಿಮ್ ಬೆನ್ನು..."

"ನೀ ಒಬ್ಬಾಕೀನ ಹೋಗಿ ಹೇಳಿದ್ರ ನಂಬ್ತಾರೇನು? ಚಿಂತಿ ಇಲ್ಲ ಅಂತ ಹೇಳ್ದಾಕೀನೂ ನೀನಾ, ಚಿಂತಿ ಐತಿ ಅನ್ನಾಕೀನೂ ನೀನಾ. ನನ್ ಮುಖ ನೋಡಿದ್ರ ನಂಬ್ತಾರ."

ನಾಲ್ಕು ದಿನ ತಿರುಗಿದರು. ಬೆನ್ನಿಗೆ ಎರಡು ದಿಂಬು ಕಟ್ಟಿಕೊಂಡು ಮೌಲಾಬಿ ಆಟೋದಲ್ಲಿ ಕೂತಳು. ರಸ್ತೆಯ ಗುಂಡಿ ಬಂದಾಗಲೆಲ್ಲ ನಸೀಮಾಳ ತೋಳು ಹಿಡಿದು ಹಲ್ಲು ಕಚ್ಚಿದಳು. ಆ ಹಿಡಿತದ ಗುರುತು ತೋಳಿನ ಮೇಲೆ ನೀಲಿಯಾಗಿ ಉಳಿದಿತ್ತು. ಪ್ರತಿ ಮನೆಯಲ್ಲೂ ಅದೇ ಮಾತು. "ನಂದು ಮೂವತ್ನಾಕು ಅಂದಿದ್ರು. ಈಗ ಬೆನ್ನಿಗೆ ಬಂದೈತಿ, ಇನ್ನು ಮೂರು ತಿಂಗಳಂತ. ನಿಂದು ಇನ್ನೂ ಕೂತಿರಬೌದು. ನಾಳಿಗೇ ಹೋಗಿ ಕೊಯ್ಸಿಕೋ. ಈಕಿ ಕರಕೊಂಡು ಹೋಗ್ತಾಳ."

ಕೆಲವರು ಅತ್ತರು, ಕೆಲವರು ಆಸ್ಪತ್ರೆಗೆಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಕುಂಟಿ ಇಮಾಂಬಿಯ ಮಗ ನಸೀಮಾಳನ್ನು ಹಿಡಿದು ಕೇಳಬಾರದ ಮಾತು ಕೇಳಿದ. "ನಮ್ಮಮ್ಮನ ಮ್ಯಾಲ ಲೆಕ್ಕ ಕಲ್ತೇನು?" ಅಂದ. ಮೌಲಾಬಿ ಸೊಸೆಯ ಪರ ವಹಿಸಲಿಲ್ಲ. ಅವನು ಬೈದು ಮುಗಿಸುವ ತನಕ ಕಾದು, "ಬೈದಾತಿಲ್ಲೋ? ಈಗ ನಿಮ್ಮಮ್ಮನ ಕರಕೊಂಡ್ ನಡಿ," ಅಂದಳು.

ಕೊನೆಯ ಮನೆ ಖಾಜಾಹುಸೇನನದು. ಬಾಗಿಲಲ್ಲಿ ಅವನ ಹೆಂಡತಿ ಕೂತಿದ್ದಳು. ಅವನು ಹೋಗಿ ಹನ್ನೆರಡು ದಿನವಾಗಿತ್ತು. ತಲೆಗೆ ಏರಿತ್ತಂತೆ, ಎರಡೇ ದಿನದಲ್ಲಿ ಮುಗಿಯಿತಂತೆ. ಮೌಲಾಬಿ ಸೊಸೆಯ ಕಡೆ ನೋಡಿದಳು. ಹೇಳದೆ ತಿರುಗಿ ಹೋಗಬಹುದಾಗಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ನಸೀಮಾ ಹೇಳಿದಳು. ಆ ಹೆಂಗಸು ಪೂರ್ತಿ ಕೇಳಿಸಿಕೊಂಡಳು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಬಿಸಲಾಗ ಬಂದೀರಿ, ಚಾ ಕುಡೀತೀರಾ?" ಅಂದಳು.

ಬರುವಾಗ ದಾರಿಯಲ್ಲಿ ಅವಳು ಅತ್ತೆಯ ಕೈಹಿಡಿದಳು. "ಅತ್ತಿ, ನನ್ನ ಮಾಫ್ ಮಾಡ್ರಿ."

"ಇಲ್ಲ," ಅಂದಳು ಮೌಲಾಬಿ.

ಆಟೋ ರೈಲ್ವೆ ಗೇಟಿನಲ್ಲಿ ನಿಂತಿತು. ಗೂಡ್ಸ್ ಗಾಡಿ, ಮುಗಿಯುವ ಲಕ್ಷಣವೇ ಇಲ್ಲ. ಮೌಲಾಬಿ ಕೈ ಕಿತ್ತುಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

"ಸುಳ್ ಹೇಳಾಕ ಬರಂಗಿಲ್ಲ ನಂಗ. ನೀ ಬೇಕಂತ ಮಾಡಿಲ್ಲ, ಗೊತ್ತೈತಿ. ಕೇರಿಗೆ ಒಳ್ಳೇದ್ ಮಾಡಾಕ ಹೋಗೀಯ, ಅದೂ ಗೊತ್ತೈತಿ. ಆದ್ರೂ ಸಿಟ್ಟು ಐತಿ ನಸೀಮಾ. ನಂಗ ಇನ್ನೂ ಇರಬೇಕಿತ್ತು." ಅವಳ ದನಿ ಅಲ್ಲಿ ಸ್ವಲ್ಪ ಒಡೆಯಿತು. "ಸಿಟ್ಟು ಇಳೀತೈತಿ, ಎಲ್ಲಾರ್ದೂ ಇಳೀತೈತಿ. ನನ್ ಗಂಡನ ಮ್ಯಾಗಿನ ಸಿಟ್ಟು ಇಳಿಯಾಕ ಆರು ವರ್ಷ ಬೇಕಾತು. ನಿಂದು ಒಂದೆರಡು ವರ್ಷದಾಗ ಇಳೀತಿತ್ತೇನೋ. ನನ್ ಹತ್ರ ಅಷ್ಟ್ ಟೈಮ್ ಎಲ್ಲೈತಿ?"

ಗೇಟು ತೆಗೆದರು, ಮನೆಗೆ ಬಂದರು.

ಆಸ್ಪತ್ರೆಯಲ್ಲಿ ಮುಂದೆ ಆಗಬೇಕಾದದ್ದೆಲ್ಲ ಆಯಿತು. ಮನೆಮನೆಗೆ ಹೋಗಿ ಬಾಯಿ ಬಿಟ್ಟದ್ದಕ್ಕೆ ನಸೀಮಾಳನ್ನು ಯಂತ್ರದಿಂದ ಎಬ್ಬಿಸಿ ರಕ್ತ ಪರೀಕ್ಷೆಯ ಕೋಣೆಗೆ ಹಾಕಿದರು. ಉಳಿದ ಹದಿನೆಂಟು ಮಂದಿಯಲ್ಲಿ ಹದಿನಾಲ್ಕು ಮಂದಿಯ ಗಡ್ಡೆ ಇನ್ನೂ ಗೋಡೆ ದಾಟಿರಲಿಲ್ಲ, ಕೊಯ್ದು ತೆಗೆದರು. ಕುಂಟಿ ಇಮಾಂಬಿಯೂ ಅವರಲ್ಲಿ ಒಬ್ಬಳು. ಫಾರಂನಲ್ಲಿ ಹೊಸ ಪ್ರಶ್ನೆಯೊಂದು ಸೇರಿತು: ಹೊಗೆಯ ಕೆಲಸ ಬಿಟ್ಟು ಎಷ್ಟು ವರ್ಷವಾಯಿತು? ತಿಪ್ಪೇಸ್ವಾಮಿ ತಮ್ಮ ಸಹಿಯ ಕಥೆಯನ್ನು ಕಮಿಟಿಯ ಮುಂದೆ ತಾವೇ ಹೇಳಿದರಂತೆ.

ನಸೀಮಾ ರಜೆ ಹಾಕಿ ಮನೆಯಲ್ಲಿ ಕೂತಳು. ಅತ್ತೆಗೆ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ತಲೆ ಬಾಚುವುದು ಎಲ್ಲ ಅವಳೇ. ಮೌಲಾಬಿ ಮಾಡಿಸಿಕೊಂಡಳು. ಕೆಲವು ದಿನ ಹಳೆಯ ಹಾಗೆ ಬೈದಳು, "ಬಾಚಣಿಗಿ ಹಿಡಿಯಾಕೂ ಬರಲ್ಲ, ಯಂತ್ರ ಹೆಂಗ್ ನಡಿಸಿದ್ಯೋ," ಎಂದು. ಆ ದಿನ ನಸೀಮಾಳಿಗೆ ಜೀವ ಬಂದಂತಾಗುತ್ತಿತ್ತು. ಕೆಲವು ದಿನ ಒಂದು ಮಾತೂ ಇಲ್ಲ, ಬಂದಾಗ ಕಣ್ಣು ಮುಚ್ಚಿಕೊಂಡು ಮಲಗಿಬಿಡುವಳು. ಯಾವ ದಿನ ಹೇಗೆ ಎಂದು ಬಾಗಿಲಲ್ಲಿ ನಿಂತು ಮುಖ ನೋಡಿ ತಿಳಿಯಲು ನಸೀಮಾ ಬಹಳ ಪ್ರಯತ್ನಪಟ್ಟಳು, ತಿಳಿಯಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಗಂಜಿ ಮಾಡಿ ಆರಿಸಿ ತಂದಳು. ದಾದಾಪೀರ ತಾಯಿಯ ತಲೆ ಎತ್ತಿ ಹಿಡಿದ. ಮೌಲಾಬಿ ಒಂದು ಚಮಚ ನುಂಗಿದಳು, ಎರಡನೇದನ್ನೂ ನುಂಗಿದಳು. ಮೂರನೇ ಚಮಚ ಹಿಡಿದಾಗ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿ, ಕೈಯೆತ್ತಿ ಅವಳ ಕೈಯನ್ನು ಆಚೆ ಸರಿಸಿದಳು. ಹನ್ನೊಂದು ಗಂಟೆಗೆ ಉಸಿರು ನಿಂತಿತು. ಆ ಕೈ ಸರಿಸಿದ್ದು ಗಂಟಲಲ್ಲಿ ಇಳಿಯದ್ದಕ್ಕೋ ಸಿಟ್ಟು ಇಳಿಯದ್ದಕ್ಕೋ, ನಸೀಮಾಳಿಗೆ ಇವತ್ತಿಗೂ ಗೊತ್ತಿಲ್ಲ.